ಹಳೇ ಕೋವಿ, ಹೊಸ ಕೋವಿ, ಎರಡನೇ ಗುಂಡು

ತೇಜಸ್ವಿಯವರ 'ಕಾಡಿನ ಕತೆಗಳು' ಓದಿ ಬೆಳೆದ ನಮ್ಮ ವಯಸ್ಸಿನವರ ತಲೆಯಲ್ಲಿ ಒಂದು ಕೋವಿ ಕಾಯಂ ಆಗಿ ಉಳಿದುಬಿಟ್ಟಿದೆ. ಕೆನೆತ್ ಆಂಡರ್ಸನ್ ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದ .405 ವಿಂಚೆಸ್ಟರ್. 'ಜಾಲಹಳ್ಳಿಯ ಕುರ್ಕ', 'ಪೆದ್ದಚೆರುವಿನ ರಾಕ್ಷಸ' ಓದುವಾಗ ಕಾಡನ್ನು ಎಷ್ಟು ಕಲ್ಪಿಸಿಕೊಂಡೆವೋ ಆ ಕೋವಿಯನ್ನೂ ಅಷ್ಟೇ ಕಲ್ಪಿಸಿಕೊಂಡಿದ್ದೇವೆ. ಉದ್ದನೆ ಮರದ ಹಿಡಿ, ಪಕ್ಕದಲ್ಲಿ ಗುಂಡು ತಲೆಯ ಒಂದು ಬೋಲ್ಟು, ಅದನ್ನು ಎತ್ತಿ ಎಳೆದು ತಳ್ಳಿದರೆ ಇನ್ನೊಂದು ತೋಟಾ ರೆಡಿ. ಟೀ ಬ್ರೇಕಿನಲ್ಲಿ ಈ ವಿಷಯ ಬಂದಾಗಲೆಲ್ಲ ನಾನು ಒಂದು ಮಾತು ಹೇಳಿ ಗೆಳೆಯರ ಮೂಡು ಹಾಳು ಮಾಡ್ತೀನಿ: ಆಂಡರ್ಸನ್‌ನ ವಿಂಚೆಸ್ಟರ್ ಬೋಲ್ಟ್ ಆಕ್ಷನ್ ಕೋವಿಯೇ ಅಲ್ಲ ಕಣ್ರೋ. ಅದು 1895ರ ಮಾಡೆಲ್, ಟ್ರಿಗರ್ ಸುತ್ತ ಇರುವ ಲಿವರನ್ನು ಕೆಳಕ್ಕೆ ಒತ್ತಿ ಮೇಲಕ್ಕೆ ಎಳೆಯುವಂಥದ್ದು. ಕೌಬಾಯ್ ಸಿನಿಮಾದಲ್ಲಿ ನೋಡಿರ್ತೀರಲ್ಲ, ಅದರ ದೊಡ್ಡಣ್ಣ. ನಾವು ಕಲ್ಪಿಸಿಕೊಂಡ ಕೋವಿ ಕಾರ್ಬೆಟ್‌ನದು.

ಇದನ್ನು ಯಾಕೆ ಎಳೆದು ತಂದೆ ಅಂದ್ರೆ, ಈಗ ಹಳೇ ಬೋಲ್ಟ್ ಆಕ್ಷನ್ ರೈಫಲ್ಲು ಮೇಲಾ, ಹೊಸದು ಮೇಲಾ ಅನ್ನೋ ವಾದ ಎಲ್ಲಿ ಕೇಳಿದರೂ ಎರಡೇ ಧಾಟಿಯಲ್ಲಿ ನಡೆಯುತ್ತೆ. ಒಂದು ಪಾರ್ಟಿಗೆ ಮರ, ಉಕ್ಕು, ಕೈಕೆಲಸ, 'ಈಗೆಲ್ಲಾ ಅಂಥದ್ದು ಮಾಡೋರಿಲ್ಲ' ಅನ್ನೋ ನಿಟ್ಟುಸಿರು. ಇನ್ನೊಂದು ಪಾರ್ಟಿಗೆ ನೂರು ಗಜದಲ್ಲಿ ಕಾಗದದ ಮೇಲೆ ಮೂರು ಗುಂಡು ಎಷ್ಟು ಹತ್ತಿರ ಬಿತ್ತು ಅನ್ನೋ ಅಳತೆ. ಎರಡರಲ್ಲೂ ಕಾಡು ಇಲ್ಲ, ಪ್ರಾಣಿ ಇಲ್ಲ, ಕೋವಿ ಹಿಡಿದವನ ಎದೆಬಡಿತವೂ ಇಲ್ಲ.

ನಮ್ಮ ಸೀಮೆಯ ಕಾಡನ್ನೇ ಇಟ್ಟುಕೊಂಡು ನೋಡೋಣ. ಆಂಡರ್ಸನ್‌ನ ಮೊದಲ ಪುಸ್ತಕ 'ನೈನ್ ಮ್ಯಾನ್ ಈಟರ್ಸ್ ಅಂಡ್ ಒನ್ ರೋಗ್' ಬಂದಿದ್ದು 1954ರಲ್ಲಿ. ಅದರಲ್ಲಿ ಹೊಸದುರ್ಗ-ಹೊಳಲ್ಕೆರೆ ನರಭಕ್ಷಕ ಅಂತಲೇ ಒಂದು ಅಧ್ಯಾಯ ಇದೆ. ಬೆಂಗಳೂರಲ್ಲಿ ಕೂತು ಅದನ್ನು ಮೊದಲ ಸಲ ಇಂಗ್ಲಿಷಿನಲ್ಲಿ ಓದಿದಾಗ, ನಮ್ಮೂರ ಬಸ್ಸಿನ ಬೋರ್ಡಿನ ಮೇಲಿರೋ ಹೆಸರು ಪುಸ್ತಕದೊಳಗೆ ಕಂಡು ಖುಷಿಯೋ ಖುಷಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ಊರುಗಳ ನಡುವೆ ಜೋಗಿಮಟ್ಟಿ ಸಾಲು ಮಲಗಿದೆ. ತುದಿ ಸುಮಾರು 1,300 ಮೀಟರ್ ಎತ್ತರ. 2015ರಲ್ಲಿ ವನ್ಯಜೀವಿ ಧಾಮ ಅಂತ ಘೋಷಣೆ ಆಯ್ತು. ಹುಲಿ ಈಗಿಲ್ಲ, ಚಿರತೆ ಮತ್ತು ಕರಡಿಗಳ ರಾಜ್ಯ. ಮಲೆನಾಡಿನ ಕಾಡು ನೋಡಿದವರು ಇದನ್ನು ಕಾಡು ಅಂತ ಒಪ್ಪೋದೇ ಕಷ್ಟ: ಕುರುಚಲು, ಮುಳ್ಳು, ಬಂಡೆ, ಬಂಡೆ ಸಂದಿಯ ಗವಿ, ನಡುನಡುವೆ ಆಳೆತ್ತರದ ಹುಲ್ಲು. ನೆತ್ತಿಯ ಮೇಲೆ ನಿಂತರೆ ಗಾಳಿಯಂತ್ರಗಳ ಸಾಲು, ಮೈಲಿಗಟ್ಟಲೆ ಬಯಲು ಕಾಣುತ್ತೆ. ಕೆಳಗಿಳಿದು ಕುರುಚಲಿಗೆ ಹೊಕ್ಕರೆ ಇಪ್ಪತ್ತು-ಮೂವತ್ತು ಗಜದಾಚೆ ಏನಿದೆ ಅಂತ ಗೊತ್ತಾಗಲ್ಲ. ಕರಡಿ ಇದ್ದರೆ ಅದು ನಿಮಗೆ ಕಾಣೋದು ನೀವು ಅದರ ಮೇಲೆ ಕಾಲಿಡೋ ಹೊತ್ತಿಗೆ.

ಇಂಥ ಜಾಗದಲ್ಲಿ ಕೋವಿಗೆ ಏನು ಕೆಲಸ?

ಬೋಲ್ಟ್ ಆಕ್ಷನ್ ಅಂದ್ರೆ ಮೂಲದಲ್ಲಿ ಹಳೇ ಮನೆ ಬಾಗಿಲ ಚಿಲಕ. ಚಿಲಕ ಎತ್ತಿ, ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಗೆ ಹಾರುತ್ತೆ. ಮುಂದಕ್ಕೆ ತಳ್ಳಿದರೆ ಕೆಳಗಿನ ಪೆಟ್ಟಿಗೆಯಿಂದ ಹೊಸ ತೋಟಾ ನಳಿಕೆಯೊಳಗೆ ಹೋಗುತ್ತೆ. ಚಿಲಕ ಇಳಿಸಿದರೆ ಬಾಗಿಲು ಭದ್ರ. ಇಷ್ಟೇ. ಇದನ್ನು ಜರ್ಮನಿಯ ಪೌಲ್ ಮೌಸರ್ ಹತ್ತಾರು ವರ್ಷ ತಿದ್ದಿ ತಿದ್ದಿ 1898ರಲ್ಲಿ ಒಂದು ರೂಪಕ್ಕೆ ತಂದ. ಇವತ್ತಿಗೂ ಜಗತ್ತಿನ ಬೇಟೆ ರೈಫಲ್ಲುಗಳಲ್ಲಿ ಬಹುಪಾಲು ಅದರ ಮಕ್ಕಳು, ಮೊಮ್ಮಕ್ಕಳು, ಇಲ್ಲವೇ ಅದರ ಜೊತೆ ಜಗಳ ಆಡಿ ಮನೆ ಬಿಟ್ಟು ಹೋದವರು.

ಮೌಸರ್ 98ರ ಬೋಲ್ಟನ್ನು ಹೊರಗೆ ತೆಗೆದು ಕೈಯಲ್ಲಿ ಹಿಡಿದರೆ ಮೊದಲು ಕಣ್ಣಿಗೆ ಬೀಳೋದು ಅದರ ಪಕ್ಕಕ್ಕೆ ಅಂಟಿಕೊಂಡ ಉದ್ದನೆ ಸ್ಪ್ರಿಂಗಿನ ಕೊಕ್ಕೆ. ತೋಟಾ ಪೆಟ್ಟಿಗೆಯಿಂದ ಮೇಲೆ ಎದ್ದ ಕ್ಷಣಕ್ಕೇ ಅದರ ಬುಡದ ಅಂಚು ಈ ಕೊಕ್ಕೆಯೊಳಗೆ ಜಾರಿಕೊಳ್ಳುತ್ತೆ. ಅಲ್ಲಿಂದ ನಳಿಕೆಗೆ ಹೋಗಿ, ಸಿಡಿದು, ಹೊರಗೆ ಬೀಳುವ ತನಕ ಆ ತೋಟಾ ಬೋಲ್ಟಿನ ಹಿಡಿತದಲ್ಲೇ ಇರುತ್ತೆ. ಹೊಸ ರೈಫಲ್ಲುಗಳಲ್ಲಿ ಹೆಚ್ಚಿನವು ಹಾಗಲ್ಲ. ಬೋಲ್ಟು ತೋಟಾವನ್ನು ಹಿಂದಿನಿಂದ ಬರೀ ನೂಕುತ್ತೆ. ಪೂರ್ತಿ ಮುಚ್ಚಿದ ಮೇಲಷ್ಟೇ ಒಂದು ಚಿಕ್ಕ ಕೊಕ್ಕೆ 'ಟಕ್' ಅಂತ ಅಂಚನ್ನು ಹಿಡಿಯುತ್ತೆ.

ವ್ಯತ್ಯಾಸ ಏನು? ಶಾಂತವಾಗಿ ಕೂತು ಹೊಡೆಯುವವನಿಗೆ ಏನೂ ಇಲ್ಲ. ಗಾಬರಿಯಾದವನಿಗೆ ಬಹಳ ಇದೆ. ಗಾಬರಿಯಲ್ಲಿ ಬೋಲ್ಟನ್ನು ಮುಂದಕ್ಕೆ ತಳ್ಳಿ, ಪೂರ್ತಿ ಮುಚ್ಚುವ ಮೊದಲೇ ಮತ್ತೆ ಹಿಂದಕ್ಕೆ ಎಳೆದುಬಿಟ್ಟ ಅಂತಿಟ್ಟುಕೊಳ್ಳಿ. ಮೌಸರ್‌ನಲ್ಲಿ ಆ ತೋಟಾ ಕೊಕ್ಕೆಯ ಜೊತೆಗೇ ವಾಪಸ್ ಬಂದು ಆಚೆ ಬೀಳುತ್ತೆ, ಮುಂದಿನದು ಸಲೀಸಾಗಿ ಹೋಗುತ್ತೆ. ನೂಕುವ ಬೋಲ್ಟಿನಲ್ಲಿ ಮೊದಲ ತೋಟಾ ನಳಿಕೆಯಲ್ಲೇ ಉಳಿಯುತ್ತೆ, ಅದರ ಬೆನ್ನಿಗೆ ಎರಡನೆಯದು ಹೋಗಿ ಗುದ್ದುತ್ತೆ. ಜಾಮ್. ಮೂವತ್ತು ಗಜದಲ್ಲಿ ಗಾಯಗೊಂಡ ಪ್ರಾಣಿ ನಿಮ್ಮ ಕಡೆಗೇ ಬರ್ತಿರುವಾಗ ಜಾಮ್.

ಅದೇ ಬೋಲ್ಟಿನಲ್ಲಿ ಇನ್ನೆರಡು ಸಂಗತಿ ಇವೆ, ನಮ್ಮ ಕಸುಬಿನವರಿಗೆ ಇಷ್ಟ ಆಗುವಂಥವು. ಮುಂದೆ ಎರಡು ಹಲ್ಲು ಬಾಗಿಲನ್ನು ಭದ್ರವಾಗಿ ಹಿಡಿದಿದ್ದರೂ ಹಿಂದೆ ಮೂರನೆಯದೊಂದು ಹಲ್ಲು ಇದೆ, ಮಾಮೂಲಿ ದಿನಗಳಲ್ಲಿ ಅದಕ್ಕೆ ಕೆಲಸವೇ ಇಲ್ಲ. ಮುಂದಿನವು ಮುರಿದರೆ ಮಾತ್ರ. ತೋಟಾದ ಬುಡ ಒಡೆದು ಬಿಸಿ ಗಾಳಿ ಹಿಂದಕ್ಕೆ ನುಗ್ಗಿದರೆ ಅದನ್ನು ಪಕ್ಕಕ್ಕೆ ಬಿಡಲು ಬೋಲ್ಟಿನಲ್ಲಿ ತೂತುಗಳಿವೆ, ಕಣ್ಣಿಗೆ ರಾಚದಂತೆ ಹಿಂದೊಂದು ತಡೆ ಇದೆ. ಎಕ್ಸೆಪ್ಶನ್ ಹ್ಯಾಂಡ್ಲಿಂಗ್ ಅಂತ ನಾವು ಏನು ಹೇಳ್ತೀವೋ ಅದನ್ನು ಆ ಮನುಷ್ಯ ಉಕ್ಕಿನಲ್ಲಿ ಬರೆದಿದ್ದಾನೆ. ಎಲ್ಲವೂ ಸರಿ ಹೋದಾಗ ಎಷ್ಟು ಚೆನ್ನಾಗಿ ಓಡುತ್ತೆ ಅನ್ನೋದಕ್ಕಿಂತ ಕೆಟ್ಟಾಗ ಏನಾಗುತ್ತೆ ಅನ್ನೋದೇ ಆ ಡಿಸೈನಿನ ಮೊದಲ ಪ್ರಶ್ನೆ.

ಕಾರ್ಬೆಟ್‌ನ ರೈಫಲ್ ಇದೇ ಮೌಸರ್ ಬೋಲ್ಟಿನ ಮೇಲೆ ಲಂಡನ್ನಿನ ರಿಗ್ಬಿ ಕಂಪನಿ ಕಟ್ಟಿದ್ದು. .275 ಅಂತ ಇಂಗ್ಲಿಷರು ಹೆಸರಿಟ್ಟುಕೊಂಡರು, ಒಳಗಿರೋದು ಮೌಸರ್‌ನದೇ 7 ಮಿಲಿಮೀಟರ್ ತೋಟಾ. ಚಂಪಾವತದ ಹೆಣ್ಣುಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಜಾನ್ ಹ್ಯೂಯೆಟ್ ಕೊಟ್ಟ ಬಹುಮಾನ ಅದು. ಹಗುರ, ತೆಳು, ಹುಲಿಗೆ ಸಣ್ಣದು ಅಂತ ಇವತ್ತಿನವರು ಮೂಗು ಮುರಿಯುವಂಥ ತೋಟಾ. ಚೌಗಢದ ಹೆಣ್ಣುಹುಲಿಯ ಕತೆ ಓದಿದವರಿಗೆ ನೆನಪಿರುತ್ತೆ: ಎಡಗೈಯಲ್ಲಿ ಹಕ್ಕಿಯ ಎರಡು ಮೊಟ್ಟೆ, ಬಲಗೈಯಲ್ಲಿ ರೈಫಲ್, ಬಂಡೆ ತಿರುಗಿದರೆ ಎಂಟೇ ಅಡಿ ದೂರದಲ್ಲಿ ಹುಲಿ. ಒಂದೇ ಕೈಯಲ್ಲಿ ನಿಧಾನಕ್ಕೆ ಮುಕ್ಕಾಲು ಸುತ್ತು ತಿರುಗಿಸಿ ಹೊಡೆದ. ಭಾರದ ಕೋವಿಯಾಗಿದ್ದರೆ ಆ ಪುಸ್ತಕ ಬರೆಯೋಕೆ ಕಾರ್ಬೆಟ್ ಇರುತ್ತಿರಲಿಲ್ಲ. ಕಾಗದದ ಮೇಲೆ ಮೂರು ಗುಂಡಿನ ಅಳತೆ ಎಂಟು ಅಡಿ ದೂರದಲ್ಲಿ ಯಾವ ಉಪಯೋಗಕ್ಕೂ ಬರಲ್ಲ.

ಹಾಗಂತ ಹಳೇದಕ್ಕೆ ಆರತಿ ಎತ್ತೋಕೆ ನಾನು ಕೂತಿಲ್ಲ. ಎರಡು ವರ್ಷ ಆನ್‌ಸೈಟ್ ಅಂತ ಫಿನ್ಲೆಂಡಿನ ಎಸ್ಪೂನಲ್ಲಿದ್ದೆ. ಟೀಮಿನಲ್ಲಿ ಮೂಸ್ ಬೇಟೆಗೆ ಹೋಗುವ ಸಹೋದ್ಯೋಗಿಯೊಬ್ಬ ಒಂದು ಶನಿವಾರ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದ. ಅವನ ಹತ್ತಿರ ಎರಡು: ಅಜ್ಜನ ಕಾಲದ, ಮೌಸರ್ ಬೋಲ್ಟಿನ ಸ್ವೀಡಿಷ್ ರೈಫಲ್ಲು, ಮತ್ತು ಅವನದೇ ಟಿಕ್ಕಾ. ಟಿಕ್ಕಾ ಟಿ3 2003ರಲ್ಲಿ ಬಂದದ್ದು, ಅಲ್ಲೇ ರೀಹಿಮ್ಯಾಕಿಯ ಸಾಕೋ ಕಾರ್ಖಾನೆಯ ಮಾಲು. ಮೊದಲು ಟಿಕ್ಕಾದ ಬೋಲ್ಟು ಎಳೆದೆ. ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ. ಟ್ರಿಗರ್ ಗಾಜಿನ ಕಡ್ಡಿ ಮುರಿದಷ್ಟು ಚೊಕ್ಕ. ಜೀವಮಾನದಲ್ಲಿ ಮೊದಲ ಸಲ ರೈಫಲ್ ಹಿಡಿದ ನಾನು ಹೊಡೆದ ಐದು ಗುಂಡಿನ ತೂತುಗಳನ್ನೂ ಒಂದು ಅಂಗೈಯಲ್ಲಿ ಮುಚ್ಚಬಹುದಿತ್ತು. ಅಜ್ಜನ ರೈಫಲ್ಲಿನಲ್ಲಿ ಅದೇ ಐದು ಗುಂಡು ಊಟದ ತಟ್ಟೆಯಷ್ಟು ಅಗಲ ಹರಡಿತು.

ಕಾರಣ ಸರಳ. ಇವತ್ತು ಯಂತ್ರದಲ್ಲಿ ತಟ್ಟಿ ತಯಾರಾಗುವ ನಳಿಕೆಗಳು ಒಂದರಂತೆ ಇನ್ನೊಂದು ಇರುತ್ತವೆ. ಮರದ ಹಿಡಿ ಮಳೆಗಾಲದಲ್ಲಿ ಉಬ್ಬಿ ನಳಿಕೆಯನ್ನು ಒತ್ತುತ್ತೆ, ಬೇಸಿಗೆಯಲ್ಲಿ ಸೆಟೆದುಕೊಳ್ಳುತ್ತೆ, ಗುರಿ ಋತುವಿಗೊಂದು. ಪ್ಲಾಸ್ಟಿಕ್ ಹಿಡಿಗೆ ಆ ಕಾಟ ಇಲ್ಲ. ಹಳೇ ಮೌಸರ್‌ನ ಸುರಕ್ಷೆಯ ಕೀಲಿ ಬೋಲ್ಟಿನ ನೆತ್ತಿ ಮೇಲೆ ಬಾವುಟದ ಹಾಗೆ ನಿಲ್ಲುತ್ತೆ, ಅದರ ಮೇಲೆ ದುರ್ಬೀನು ಕೂರಿಸೋಕೇ ಆಗಲ್ಲ. ಮೊದಲ ಮಹಾಯುದ್ಧಕ್ಕೂ ಹಿಂದಿನ ಉಕ್ಕು ಒಂದೊಂದು ಒಂದೊಂದು ಥರ. 'ಆಗಿನ ಕಾಲದ ಗಟ್ಟಿ ಮಾಲು' ಅನ್ನೋರಿಗೆ ಇದು ಹಿಡಿಸಲ್ಲ, ಆದರೆ ನಳಿಕೆ, ಟ್ರಿಗರ್, ಹಿಡಿ, ಈ ಮೂರರಲ್ಲಿ ಇವತ್ತಿನ ಅಗ್ಗದ ರೈಫಲ್ಲೂ ರಿಗ್ಬಿಯನ್ನು ಸೋಲಿಸುತ್ತೆ.

ನನ್ನ ತಕರಾರು ಬೋಲ್ಟಿನ ಬಗ್ಗೆ. ಟಿಕ್ಕಾದವರು ಸಣ್ಣ ತೋಟಾಕ್ಕೂ ದೊಡ್ಡ ತೋಟಾಕ್ಕೂ ಒಂದೇ ಅಳತೆಯ ಯಂತ್ರ ಮಾಡಿ, ಒಳಗಿನ ಒಂದು ತಡೆಯನ್ನಷ್ಟೇ ಬದಲಿಸಿದರು. ಒಂದೇ ಕೋಡ್‌ಬೇಸು, ಎಲ್ಲ ಕ್ಲೈಂಟಿಗೂ ಒಂದೊಂದು ಕಾನ್ಫಿಗ್ ಫೈಲು. ಬೋಲ್ಟಿನ ಹಿಂದಿನ ಟೊಪ್ಪಿಯನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದರು, ಜನ ಗೊಣಗಿದರು, 2016ರ ಟಿ3ಎಕ್ಸ್‌ನಲ್ಲಿ ಲೋಹದ್ದು ಬಂತು. ಇದು ಜಾಣ ಎಂಜಿನಿಯರಿಂಗು, ತಪ್ಪೇನಿಲ್ಲ. ಆದರೆ ಎಲ್ಲಿ ಉಳಿಸಬೇಕು ಅಂತ ತೀರ್ಮಾನಿಸುವಾಗ ಅವರು ಊಹಿಸಿಕೊಂಡ ಬಳಕೆದಾರ ಯಾರು ನೋಡಿ: ಮೊದಲ ಗುಂಡು ಸರಿಯಾಗಿ ಹೊಡೆಯುವವನು.

ಈ ಲೆಕ್ಕಾಚಾರಕ್ಕೆ ಮಾರುಕಟ್ಟೆಯಲ್ಲೇ ಒಂದು ಹಳೇ ಪ್ರಕರಣ ಇದೆ. ವಿಂಚೆಸ್ಟರ್ ಮಾಡೆಲ್ 70 ಅಂತ ಅಮೆರಿಕದವರ ಆರಾಧ್ಯ ರೈಫಲ್ಲು, 1936ರಲ್ಲಿ ಬಂದಿದ್ದು, ಮೌಸರ್ ಥರದ ಉದ್ದ ಕೊಕ್ಕೆ ಇತ್ತು. 1964ರಲ್ಲಿ ಖರ್ಚು ಇಳಿಸೋಕೆ ಅಂತ ಕೊಕ್ಕೆ ತೆಗೆದು ನೂಕುವ ಬೋಲ್ಟು ಹಾಕಿದರು. ಅವತ್ತಿಂದ ಇವತ್ತಿನವರೆಗೂ ಹಳೇ ಕೋವಿ ಮಾರೋ ಅಂಗಡಿಯಲ್ಲಿ '64ಕ್ಕೂ ಮುಂಚಿನದಾ, ಆಮೇಲಿನದಾ' ಅನ್ನೋದೇ ಮೊದಲ ಪ್ರಶ್ನೆ. 1990ರ ದಶಕದಲ್ಲಿ ಕಂಪನಿ ಕೊಕ್ಕೆಯನ್ನು ವಾಪಸ್ ತಂತು. ರಿಲೀಸ್ ಒಂದನ್ನು ರೋಲ್‌ಬ್ಯಾಕ್ ಮಾಡೋಕೆ ಸುಮಾರು ಮೂವತ್ತು ವರ್ಷ. ಆದರೂ 1962ರಲ್ಲಿ ಬಂದ ರೆಮಿಂಗ್ಟನ್ 700 ಕೊಕ್ಕೆಯ ಗೊಡವೆಯೇ ಇಲ್ಲದೆ ಅದಕ್ಕಿಂತ ಹೆಚ್ಚು ಮಾರಾಟ ಆಯ್ತು. ತೋಟಾದ ಬುಡವನ್ನು ಉಕ್ಕಿನ ಬಳೆಗಳಿಂದ ಸುತ್ತುವರಿಯುವ ಅದರ ರಚನೆ ಮೌಸರ್‌ಗಿಂತ ಗಟ್ಟಿ ಅಂತ ವಾದಿಸುವವರಿದ್ದಾರೆ, ಅದರಲ್ಲಿ ಹುರುಳೂ ಇದೆ. ಜಿಂಕೆ ಹೊಡೆಯುವವನಿಗೆ ಅಷ್ಟು ಸಾಕು, ಜಿಂಕೆ ತಿರುಗಿ ಬೀಳಲ್ಲ.

ನಮ್ಮ ದೇಶಕ್ಕೆ ಬಂದರೆ ಈ ಹೋಲಿಕೆಯೇ ಸ್ವಲ್ಪ ತಮಾಷೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅನ್ನೋದೇ ಇಲ್ಲ, ಇರಲೂಬಾರದು. ಲೈಸೆನ್ಸು ಇರುವ ರೈತ ಹೊಸ ರೈಫಲ್ ತಗೋಬೇಕು ಅಂದ್ರೆ ಸಿಗೋದು ಮುಖ್ಯವಾಗಿ ಇಶಾಪುರದ ಸರ್ಕಾರಿ ಕಾರ್ಖಾನೆಯ .315. ಅದು ಮೊದಲ ಮಹಾಯುದ್ಧದ ಲೀ-ಎನ್‌ಫೀಲ್ಡ್‌ನದೇ ಬೋಲ್ಟು. ಸೈನ್ಯದ .303 ತೋಟಾ ಜನರ ಕೈಗೆ ಸಿಗಬಾರದು ಅಂತ ಬ್ರಿಟಿಷರು ಇಟ್ಟ ನಿರ್ಬಂಧದಿಂದ ತಪ್ಪಿಸಿಕೊಳ್ಳಲು ಅದಕ್ಕೆ 8 ಮಿಲಿಮೀಟರಿನ ಬೇರೆ ತೋಟಾ ಹಾಕಿದರು. ಆ ತೋಟಾದ ಮೂಲ 1880ರ ದಶಕದ ಕೊನೆಯ ಆಸ್ಟ್ರಿಯಾ-ಹಂಗೆರಿ ಸೈನ್ಯ. ಅಂದರೆ ಅಂಗಡಿಯಿಂದ ಹೊಚ್ಚ ಹೊಸದಾಗಿ ಡಬ್ಬಿ ಒಡೆದು ತೆಗೆದರೂ ಒಳಗೆ ಇರೋದು ಕ್ಲಾಸಿಕ್ಕೇ. ಇತ್ತ ಬೆಂಗಳೂರಿನಲ್ಲೇ ಎಸ್‌ಎಸ್‌ಎಸ್ ಡಿಫೆನ್ಸ್ ಎಂಬ ಕಂಪನಿ ತೀರಾ ಈಚಿನ ಮಾದರಿಯ ಬೋಲ್ಟ್ ಆಕ್ಷನ್ ರೈಫಲ್ ಮಾಡುತ್ತೆ, ಆದರೆ ಅವು ಸೈನ್ಯ-ಪೊಲೀಸರ ಸ್ನೈಪರುಗಳು, ಹಂದಿ ಕಾಯೋಕಲ್ಲ.

ನಮ್ಮ ದೊಡ್ಡಪ್ಪನವರ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ಒಂದು .315 ಇತ್ತು. ವರ್ಷದಲ್ಲಿ ಹೆಚ್ಚು ದಿನ ಅದು ಗೋಣಿಚೀಲದೊಳಗೆ, ಚುನಾವಣೆ ಬಂದರೆ ಪೊಲೀಸ್ ಸ್ಟೇಷನ್ನಿನೊಳಗೆ. ಮೆಕ್ಕೆಜೋಳಕ್ಕೆ ಹಂದಿ ಬಿದ್ದರೆ ಆಕಾಶಕ್ಕೊಂದು ಸದ್ದು ಮಾಡೋದಷ್ಟೇ ಅದರ ಕೆಲಸ. ಚಿಕ್ಕಂದಿನಲ್ಲಿ ಹುಲಿ ಬಂದರೆ ಇದರಲ್ಲಿ ಹೊಡೀಬಹುದಾ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು: "ಮೊದಲ್ನೇದು ಯಾರಾದ್ರೂ ಹೊಡೀತಾರೆ ಕಣಪ್ಪ. ಎರಡ್ನೇದಕ್ಕೆ ಕೈ ನಡುಗ್ತಾವೆ." ಮೌಸರ್ ಕೊಕ್ಕೆಯ ಬಗ್ಗೆ ನಾನು ಇಷ್ಟುದ್ದ ಬರೆದಿದ್ದನ್ನೆಲ್ಲ ಅವರು ಎರಡು ಸಾಲಿಗೆ ಇಳಿಸಿಬಿಟ್ಟಿದ್ದರು.

ಎರಡನೇ ಗುಂಡು ಹೊಡೆಯದೇ ಹೋದರೆ ಏನಾಗುತ್ತೆ ಅನ್ನೋದಕ್ಕೆ ಚಂಪಾವತದ ಹುಲಿಯೇ ಸಾಕ್ಷಿ. ಅದು 436 ಜನರನ್ನು ತಿಂದಿತ್ತು ಅನ್ನೋದು ಲೆಕ್ಕ. ಕಾರ್ಬೆಟ್ ಅದನ್ನು ಕೊಂದು ಬಾಯಿ ಬಿಡಿಸಿ ನೋಡಿದಾಗ ಬಲಗಡೆಯ ಮೇಲಿನ, ಕೆಳಗಿನ ಎರಡೂ ಕೋರೆಹಲ್ಲು ಮುರಿದಿದ್ದವು, ಹಿಂದೆ ಯಾರೋ ಹೊಡೆದ ಗುಂಡಿನ ಗಾಯ. ಸಹಜವಾದ ಬೇಟೆ ಆಗದೆ ಮನುಷ್ಯರ ಕಡೆ ತಿರುಗಿತು ಅಂತ ಆತ ಬರೆದ. ಯಾರೋ ಒಬ್ಬ ಮೊದಲ ಗುಂಡನ್ನು ತಪ್ಪಾಗಿ ಹೊಡೆದು, ಎರಡನೆಯದನ್ನು ಹೊಡೆಯಲಾಗದೆಯೋ ಹೊಡೆಯಲು ಮನಸ್ಸಿಲ್ಲದೆಯೋ ಮನೆಗೆ ಹೋದ. ಬಿಲ್ಲು ಕಟ್ಟಿದ್ದು ನೂರಾರು ಹಳ್ಳಿಗಳ ಜನ. ನಮಗೆ ಪ್ರಿಯವಾದ ಎಷ್ಟೋ ನರಭಕ್ಷಕ ಕತೆಗಳ ಮೊದಲ ಅಧ್ಯಾಯ ಹೀಗೆ ಬೇರೆ ಯಾರೋ ಅರ್ಧಕ್ಕೆ ಬಿಟ್ಟದ್ದು.

ಹೊಸ ರೈಫಲ್ಲಿನ ಮೇಲೆ ನನಗಿರುವ ದೊಡ್ಡ ಅನುಮಾನ ಇಲ್ಲಿಂದ ಹುಟ್ಟುತ್ತೆ. ಅದು ಹೊಡೆಯುವವನನ್ನು ದೂರ ಒಯ್ಯುತ್ತೆ. ನಾನೂರು, ಐನೂರು ಮೀಟರ್ ಅಂತ ಜಾಹೀರಾತು. ಜೋಗಿಮಟ್ಟಿಯ ನೆತ್ತಿಯ ಮೇಲೆ ನಿಂತವರಿಗೆ ಗಾಳಿ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಅಷ್ಟು ದೂರದಲ್ಲಿ ಅದು ಗುಂಡನ್ನು ಎದೆಯಿಂದ ಹೊಟ್ಟೆಗೆ ತಳ್ಳೋಕೆ ಹೆಚ್ಚು ಹೊತ್ತು ಬೇಡ. ಐನೂರು ಮೀಟರ್ ಆಚೆ ಗಾಯಗೊಂಡ ಪ್ರಾಣಿ ಒಂದು ಬಂಡೆ ದಾಟಿದರೆ ಅದರ ಬೆನ್ನು ಹತ್ತಿ ಹೋಗುವವರು ಯಾರು? ಟಿಕ್ಕಾ ಹುಟ್ಟಿದ ಫಿನ್ಲೆಂಡಿನಲ್ಲೇ ಮೂಸ್ ಬೇಟೆಯ ಪರವಾನಗಿಗೆ ಕೊಡಬೇಕಾದ ಗುರಿಯ ಪರೀಕ್ಷೆ 75 ಮೀಟರಿನದು: 23 ಸೆಂಟಿಮೀಟರ್ ವೃತ್ತದೊಳಗೆ ನಾಲ್ಕು ಗುಂಡು. ಅಲ್ಲಿನವರು ಅಂಥ ಕೋವಿ ಮಾಡಿದ ಮೇಲೂ ಮನುಷ್ಯನನ್ನು ಅಳೆಯೋದು ಹಳೇ ದೂರದಲ್ಲೇ. ಈ ನಿಯಮ ಬರೆದವರ ಬಗ್ಗೆ ನನಗೆ ಗೌರವ ಇದೆ.

ಯಾವುದು ಬೇಕು ಅಂತ ಒತ್ತಾಯಿಸಿ ಕೇಳಿದರೆ, ಹಳೇ ಬೋಲ್ಟು, ಹೊಸ ನಳಿಕೆ, ಪ್ಲಾಸ್ಟಿಕ್ ಹಿಡಿ ಅಂತೀನಿ. ರಿಗ್ಬಿ ಕಂಪನಿಯೇ ಈಗಲೂ ಮೌಸರ್ 98ರ ಬೋಲ್ಟಿನ ಮೇಲೆ ರೈಫಲ್ ಮಾಡುತ್ತೆ, ಮರದ ಹಿಡಿಯ ಹಟ ಮಾತ್ರ ಬಿಟ್ಟಿಲ್ಲ.

ಜೋಗಿಮಟ್ಟಿಯಂಥ ಕಾಡಿಗೆ ಇವತ್ತು ಕಾನೂನುಬದ್ಧವಾಗಿ ಹೋಗುವ 'ಬೇಟೆ ಕೋವಿ' ಒಂದೇ, ಅರಿವಳಿಕೆ ಕೋವಿ. ಊರಿಗೆ ಬಂದ ಚಿರತೆ, ಬಾವಿಗೆ ಬಿದ್ದ ಕರಡಿಗೆ ವೈದ್ಯರು ಹಾರಿಸುವಂಥದ್ದು. ಮದ್ದಿನ ಬದಲು ಅನಿಲದ ಒತ್ತಡ, ಗುಂಡಿನ ಬದಲು ಸೂಜಿ. ನಿಖರತೆ, ದುರ್ಬೀನು, ಎಲ್ಲ ಹೊಸದರದೇ. ಆದರೆ ಮೂವತ್ತು-ನಲವತ್ತು ಮೀಟರ್ ಒಳಗೆ ಹೋಗಲೇಬೇಕು, ಅಂದರೆ ಆಂಡರ್ಸನ್ ನಿಂತ ಜಾಗದಲ್ಲೇ ನಿಲ್ಲಬೇಕು. ಸೂಜಿ ನಾಟಿದ ಮೇಲೆ ಔಷಧಿ ಏರೋಕೆ ನಿಮಿಷಗಳು ಬೇಕು. ಅಷ್ಟರೊಳಗೆ ಪ್ರಾಣಿ ಏನು ಬೇಕಾದರೂ ಮಾಡಬಹುದು, ಮತ್ತು ಕೈಯಲ್ಲಿರುವ ಯಂತ್ರಕ್ಕೆ ಎರಡನೇ ಗುಂಡು ಅನ್ನೋದೇ ಇಲ್ಲ.

2023ರ ಆಗಸ್ಟ್ ಕೊನೆಯಲ್ಲಿ ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಚಿಕಿತ್ಸೆ ಕೊಡಲೆಂದು ಅರಿವಳಿಕೆ ಹಾರಿಸಿದ 'ಆನೆ' ವೆಂಕಟೇಶ್ ಅದೇ ಆನೆ ತಿರುಗಿಬಿದ್ದು ತೀರಿಕೊಂಡರು. ರಾಜ್ಯದಲ್ಲಿ ಈ ಕೆಲಸ ಅವರಷ್ಟು ಬಲ್ಲವರು ಕೆಲವೇ ಮಂದಿ. ಅವರ ಗುರಿ ತಪ್ಪಿರಲಿಲ್ಲ, ಸೂಜಿ ನಾಟಿತ್ತು. ಮುಂದಿನ ಕೆಲವು ನಿಮಿಷಗಳಿಗೆ ಅವರ ಪಕ್ಕದಲ್ಲಿ ಏನಿರಬೇಕು, ಯಾರಿರಬೇಕು ಅನ್ನೋದು ಕೋವಿಯ ವಿಮರ್ಶೆಯಲ್ಲಿ ಬರುವ ವಿಷಯ ಅಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ.